ಇ-ಪುಸ್ತಕ ಎರವಲು ಸೇವೆ

ಇ-ಪುಸ್ತಕ ಎರವಲು ಸೇವೆ ಎಂದರೆ ಸಾರ್ವಜನಿಕ ಗ್ರಂಥಾಲಯವು ತನ್ನ ಸದಸ್ಯರಿಗೆ ವಿದ್ಯುನ್ಮಾನ ಪುಸ್ತಕಗಳನ್ನು ಅಂತರಜಾಲದ ಮೂಲಕ ನಿಗದಿತ ಅವಧಿಗೆ ಓದಲು ಒದಗಿಸುವ ವ್ಯವಸ್ಥೆ. ಅವಧಿ ಮುಗಿದೊಡನೆ ಪುಸ್ತಕದ ಕಡತವು ತೆರೆಯದಂತಾಗುವುದರಿಂದ, ತಡವಾಗಿ ಹಿಂದಿರುಗಿಸಿ ದಂಡ ತೆರುವ ಪ್ರಮೇಯವಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಸಾರ್ವಜನಿಕ ಗ್ರಂಥಾಲಯವು ಓವರ್‌ಡ್ರೈವ್ ಸಂಸ್ಥೆಯ ನೆರವಿನಿಂದ ೨೦೦೩ರಲ್ಲಿ ಈ ಸೇವೆಯನ್ನು ಆರಂಭಿಸಿತು. ಇದೇ ಸಂಸ್ಥೆಯ 'ಲಿಬ್ಬಿ' ಆ್ಯಪ್ ೨೦೧೭ರಲ್ಲಿ ಬಳಕೆಗೆ ಬಂದಿತು.

ಕಾರ್ಯವಿಧಾನ

ಸದಸ್ಯನು ತನ್ನ ಗ್ರಂಥಾಲಯದ ಕಾರ್ಡ್ ಸಂಖ್ಯೆಯನ್ನು ನಮೂದಿಸಿ, ಪುಸ್ತಕವನ್ನು ಮೊಬೈಲ್ ಅಥವಾ ಟ್ಯಾಬ್ಲೆಟ್‌ಗೆ ಇಳಿಸಿಕೊಳ್ಳುತ್ತಾನೆ. ಸಾಮಾನ್ಯವಾಗಿ ಒಂದು ಪ್ರತಿಯನ್ನು ಏಕಕಾಲದಲ್ಲಿ ಒಬ್ಬರಿಗಷ್ಟೇ ಕೊಡಲಾಗುತ್ತದೆ. ಉಳಿದವರು ಸರದಿಯಲ್ಲಿ ಕಾಯಬೇಕು. ಕ್ಷಣಮಾತ್ರದಲ್ಲಿ ನಕಲು ಮಾಡಬಹುದಾದ ಕಡತಕ್ಕಾಗಿ ವಾರಗಟ್ಟಲೆ ಕಾಯುವುದು ಓದುಗರಿಗೆ ವಿಚಿತ್ರವೆನಿಸುವುದು ಸಹಜ. ಇದರ ಕಾರಣ ತಂತ್ರಜ್ಞಾನದಲ್ಲಿಲ್ಲ, ಪ್ರಕಾಶಕರ ಷರತ್ತುಗಳಲ್ಲಿದೆ.

ಒಡೆತನ ಮತ್ತು ಪರವಾನಗಿ

ಮುದ್ರಿತ ಪುಸ್ತಕವನ್ನು ಕೊಂಡ ಗ್ರಂಥಾಲಯವು ಅದರ ಒಡೆಯ. ಅಮೆರಿಕದ ಕೃತಿಸ್ವಾಮ್ಯ ಕಾನೂನಿನ 'ಪ್ರಥಮ ಮಾರಾಟ' ತತ್ತ್ವದಂತೆ, ಪುಸ್ತಕ ಹರಿದು ಚಿಂದಿಯಾಗುವವರೆಗೂ ಅದನ್ನು ಎರವಲು ಕೊಡಬಹುದು. ಪ್ರಕಾಶಕರ ಅಪ್ಪಣೆ ಬೇಕಿಲ್ಲ. ಇ-ಪುಸ್ತಕವಾದರೋ ಬಹುಮಟ್ಟಿಗೆ ಮಾರಾಟವಾಗುವುದಿಲ್ಲ, ಪರವಾನಗಿಯ ಮೇಲೆ ದೊರೆಯುತ್ತದೆ. ಬೆಲೆ, ಅವಧಿ, ಎರವಲಿನ ಮಿತಿ ಎಲ್ಲವನ್ನೂ ಪ್ರಕಾಶಕರೇ ಗೊತ್ತುಮಾಡುತ್ತಾರೆ. ಅನೇಕ ಪರವಾನಗಿಗಳು ಎರಡು ವರ್ಷಗಳಿಗೆ ಮುಗಿಯುವುದರಿಂದ, ಅದೇ ಪುಸ್ತಕಕ್ಕೆ ಗ್ರಂಥಾಲಯ ಮತ್ತೆ ಹಣ ತೆರಬೇಕಾಗುತ್ತದೆ.

೨೦೧೧ರಲ್ಲಿ ಹಾರ್ಪರ್‌ಕಾಲಿನ್ಸ್ ಸಂಸ್ಥೆಯು ಪ್ರತಿಯೊಂದು ಪರವಾನಗಿಗೆ ೨೬ ಎರವಲುಗಳ ಮಿತಿ ವಿಧಿಸಿತು. ಮುದ್ರಿತ ಪ್ರತಿಯ ಸರಾಸರಿ ಬಾಳಿಕೆಯನ್ನು ಅದು ಆಧಾರವಾಗಿ ಮುಂದಿಟ್ಟಿತು. ಗಟ್ಟಿ ರಟ್ಟಿನ ಪುಸ್ತಕಗಳು ಅದಕ್ಕಿಂತ ಬಹಳ ಹೆಚ್ಚು ಬಾರಿ ಕೈ ಬದಲಾಯಿಸುತ್ತವೆಂದು ಗ್ರಂಥಪಾಲಕರು ಆಕ್ಷೇಪಿಸಿದರು. ೨೦೧೯ರ ನವೆಂಬರ್‌ನಲ್ಲಿ ಮ್ಯಾಕ್‌ಮಿಲನ್ ಸಂಸ್ಥೆಯು ಹೊಸ ಪುಸ್ತಕ ಹೊರಬಂದ ಮೊದಲ ಎಂಟು ವಾರ, ಎಷ್ಟೇ ದೊಡ್ಡ ಗ್ರಂಥಾಲಯ ವ್ಯವಸ್ಥೆಯಾದರೂ ಒಂದೇ ಇ-ಪ್ರತಿ ಎಂಬ ನಿಯಮ ತಂದಿತು. ಹಲವು ಗ್ರಂಥಾಲಯಗಳು ಖರೀದಿಯನ್ನೇ ನಿಲ್ಲಿಸಿದವು. ೨೦೨೦ರ ಮಾರ್ಚ್‌ನಲ್ಲಿ ನಿಯಮ ರದ್ದಾಯಿತು. ಪ್ರಕಾಶಕರ ಆತಂಕ ನಿರಾಧಾರವೇನಲ್ಲ: ಮನೆಯಲ್ಲಿ ಕುಳಿತೇ ಉಚಿತವಾಗಿ ದೊರೆಯುವಾಗ ಕೊಳ್ಳುವವರು ಕಡಿಮೆಯಾದರೆ, ಲೇಖಕರ ಗೌರವಧನಕ್ಕೂ ಪೆಟ್ಟು ಬೀಳುತ್ತದೆ.

ಕಾನೂನು

ಗ್ರಂಥಾಲಯಗಳಿಗೆ ನ್ಯಾಯಯುತ ಷರತ್ತುಗಳಲ್ಲಿ ಪರವಾನಗಿ ನೀಡಬೇಕೆಂದು ಮೇರಿಲ್ಯಾಂಡ್ ರಾಜ್ಯವು ೨೦೨೧ರಲ್ಲಿ ಮಾಡಿದ ಕಾಯಿದೆಯು ಒಕ್ಕೂಟದ ಕೃತಿಸ್ವಾಮ್ಯ ಕಾನೂನಿಗೆ ವಿರುದ್ಧವೆಂದು ೨೦೨೨ರಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಯೂರೋಪಿನಲ್ಲಿ ಚಿತ್ರ ಬೇರೆ. ನೆದರ್‌ಲ್ಯಾಂಡ್ಸ್‌ನ ಗ್ರಂಥಾಲಯಗಳ ಪ್ರಕರಣದಲ್ಲಿ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯವು, ಒಂದು ಪ್ರತಿಯನ್ನು ಒಮ್ಮೆಗೆ ಒಬ್ಬರಿಗೆ ಕೊಡುವುದಾದರೆ ಇ-ಪುಸ್ತಕವನ್ನೂ ಮುದ್ರಿತ ಪುಸ್ತಕದಂತೆ ಎರವಲಾಗಿ ಪರಿಗಣಿಸಬಹುದೆಂದು ೨೦೧೬ರಲ್ಲಿ ತೀರ್ಪಿತ್ತಿತು.

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯು ೨೦೨೦ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿದೆ. ಹೆಸರು ನೋಂದಾಯಿಸಿಕೊಂಡವರು ಅಲ್ಲಿನ ಪುಸ್ತಕಗಳನ್ನು ಉಚಿತವಾಗಿ ಓದಬಹುದು.