ಖಾನಾಪುರದ ಬೀಟೆ, ಫೆಂಡರ್ ಗಿಟಾರು
ಖಾನಾಪುರದ ಕಾಡಿನ ಬೀಟೆಗೆ, ಮರಾಠಿಯ ಶಿಸವಕ್ಕೆ, ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆಯಲ್ಲೂ ಜಾಗವಿದೆ. ಸಾಂಬ್ರಾದ ನಮಗೆ ಇದು ದೂರದ ಸುದ್ದಿಯಲ್ಲ.

1958ರಲ್ಲಿ ಅಮೆರಿಕದ ಫೆಂಡರ್ ಕಂಪನಿ ಜಾಝ್‌ಮಾಸ್ಟರ್ ಗಿಟಾರಿನಲ್ಲಿ ಬೆರಳಾಡುವ ಪಟ್ಟಿಯನ್ನು ಬೀಟೆಯಿಂದ ಮಾಡಿತು. ಅದಕ್ಕೂ ಮುಂಚಿನ ಮೇಪಲ್ ಪಟ್ಟಿಯ ವಾರ್ನಿಶ್ ಸವೆದು ಕೊಳಕು ಕಾಣುತ್ತಿತ್ತು. ಎಣ್ಣೆಯಂಶದ ಕಪ್ಪು ಬೀಟೆಗೆ ವಾರ್ನಿಶ್ಶೇ ಬೇಡ. ಮೊದಲು ಬ್ರೆಜಿಲ್‌ನ ಸೋದರ ಮರ, 1960ರ ದಶಕದಲ್ಲಿ ಭಾರತದ್ದು.

ಬೀಟೆಯ ನಾದ ಮೃದು ಎನ್ನುವವರಿದ್ದಾರೆ. ಆದರೆ ಈ ಗಿಟಾರಿನಲ್ಲಿ ಉಕ್ಕಿನ ತಂತಿಯ ಕಂಪನವನ್ನು ಹಿಡಿಯುವುದು ಅಯಸ್ಕಾಂತದ ಪಿಕಪ್. ಮರ ಕೊಡುವುದು ನಾದಕ್ಕಿಂತ ಅಂದವೇ ಹೆಚ್ಚು ಎನ್ನುತ್ತೇವೆ ನಾವು.

2017ರ ಜನವರಿಯಲ್ಲಿ ಸೈಟಿಸ್ ಒಪ್ಪಂದ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ ಮಾಡಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮದೇ ಹೊಲದ ಬೀಟೆಗೆ ಕೊಡಲಿ ಹಾಕಲು ಮಾತ್ರ ಇಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು.