ಗೇಟಿನ ಬಳಿಯ ಕ್ಯಾಮೆರಾ: ಬೆಳಗಾವಿ–ಖಾನಾಪುರ ಮಾರ್ಗದ ರೈಲು ಛಾಯಾಚಿತ್ರಗಳನ್ನು ಆಕರವಾಗಿ ಓದುವುದು

ಬೆಳಗಾವಿಯ ಕೋಟೆಯನ್ನು ಕ್ಯಾಮೆರಾ ಬೇಗನೆ ಗುರುತಿಸಿತು. ಜೇಮ್ಸ್ ಬರ್ಜೆಸ್ 1874ರಲ್ಲಿ ಪ್ರಕಟಿಸಿದ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಪುರಾತತ್ವ ವರದಿಯಲ್ಲಿ ಕೋಟೆಯೊಳಗಿನ ಬಸದಿಗಳಿಗೆ ಗೌರವದ ಸ್ಥಾನವಿದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರ ಸುಮಾರಿಗೆ ಕಟ್ಟಿಸಿದ ಬಸದಿ ಅಂದಿನಿಂದ ಇಂದಿನವರೆಗೆ ಮತ್ತೆ ಮತ್ತೆ ಚಿತ್ರಿತವಾಗುತ್ತ ಬಂದಿದೆ. ವರದಿ ಹೊರಬಂದ 13 ವರ್ಷಗಳ ಮೇಲೆ, 1887ರಲ್ಲಿ, ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಊರನ್ನು ಮುಟ್ಟಿತು. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಕೊಲ್ಲಾಪುರದಿಂದ ಬೆಳಗಾವಿಗೆ ಬಂದರು. ಅರಣ್ಯ ಅಧಿಕಾರಿ ಹರಿಪದ ಮಿತ್ರರ ಒತ್ತಾಯಕ್ಕೆ ಮಣಿದು ಇಲ್ಲಿನ ಎಸ್. ಮಹಾದೇವ್ ಆ್ಯಂಡ್ ಸನ್ ಸ್ಟುಡಿಯೋದ ಕ್ಯಾಮೆರಾದ ಎದುರು ನಿಂತರು. ಮುಂದೆ ಗೋವಾದ ಕಡೆಗೆ ರೈಲು ಹತ್ತಿದರು. ಅಂದರೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಈ ಊರಿನಲ್ಲಿ ಸ್ಟುಡಿಯೋ ಇತ್ತು, ನುರಿತ ಕೈಗಳಿದ್ದವು, ರೈಲೂ ಇತ್ತು. ಚಿತ್ರಕ್ಕೆ ತಕ್ಕದ್ದು ಯಾವುದೆಂಬ ನಂಬಿಕೆ ಮಾತ್ರ ಶಿಲ್ಪ ಮತ್ತು ಮುಖಗಳ ಸುತ್ತಲೇ ಇತ್ತು.

ರೈಲಿನತ್ತ ಕ್ಯಾಮೆರಾ ತಿರುಗಿದ್ದು ಹವ್ಯಾಸಿಗಳ ಕೈಗೆ ಅದು ಬಂದ ಮೇಲೆ. ಅವರು ನಿಲ್ಲಲು ಸಾಧ್ಯವಿದ್ದ ಜಾಗವೆಂದರೆ ಲೆವೆಲ್ ಕ್ರಾಸಿಂಗ್. ನಿಲ್ದಾಣದ ಆವರಣದಲ್ಲಿ ಅನುಮತಿಯಿಲ್ಲದೆ ಚಿತ್ರ ತೆಗೆಯುವುದಕ್ಕೆ ದೀರ್ಘ ಕಾಲ ನಿರ್ಬಂಧವಿತ್ತು. ಗೇಟಿನ ಹೊರಗಿನ ರಸ್ತೆ ಸಾರ್ವಜನಿಕರದು. ಗೇಟ್ ಬಿದ್ದಾಗ ಎಲ್ಲರೂ ನಿಲ್ಲಲೇಬೇಕು, ನಿಂತವರಿಗೆ ಹಳಿಯ ನೋಟ ತೆರೆದೇ ಇರುತ್ತದೆ. ಬೆಳಗಾವಿಯಲ್ಲಿ ಇದು ವಿಶೇಷವಾಗಿ ಅನುಕೂಲವಾಗಿ ಒದಗಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಏಕೈಕ ಕಾಂಗ್ರೆಸ್ ಅಧಿವೇಶನದ ನೆನಪು ಹೊತ್ತ ಕಾಂಗ್ರೆಸ್ ರಸ್ತೆ ತಿಳಕವಾಡಿಯಲ್ಲಿ ಹಳಿಯ ಮಗ್ಗುಲಲ್ಲೇ ಸಾಗುತ್ತದೆ. ಅದರುದ್ದಕ್ಕೂ ಊರವರು ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್ ಎಂದೇ ಕರೆಯುವ ದಾಟುಗಳು. ವಿಳಾಸ ಹೇಳುವುದಕ್ಕೂ ರಿಕ್ಷಾ ನಿಲ್ಲಿಸುವುದಕ್ಕೂ ಈ ಹೆಸರುಗಳೇ ಸಾಕು.

ಈ ಗೇಟುಗಳಲ್ಲಿ ದಶಕಗಳ ಕಾಲ ತೆಗೆದ ಚಿತ್ರಗಳು ಮನೆಗಳ ಆಲ್ಬಮ್ಮುಗಳಲ್ಲಿ ಬಿಡಿಬಿಡಿಯಾಗಿ ಇರುವಾಗ ಸಾಧಾರಣವಾಗಿ ಕಾಣುತ್ತವೆ. ಒಂದೇ ನಿಲುವಿನಿಂದ ತೆಗೆದವನ್ನು ಕಾಲಾನುಕ್ರಮದಲ್ಲಿ ಸಾಲಾಗಿಟ್ಟಾಗ ಅವು ಬೆಳಗಾವಿಯ ಇತಿಹಾಸಕ್ಕೆ ಮೊದಲ ದರ್ಜೆಯ ಆಕರವಾಗುತ್ತವೆ ಎಂಬುದು ಈ ಲೇಖನದ ವಾದ. ಇದಕ್ಕೆ ಹೊರಗಿನ ಪೂರ್ವನಿದರ್ಶನವಿದೆ. 1977ರಿಂದ 1979ರವರೆಗೆ ಅಮೆರಿಕದಲ್ಲಿ ಮಾರ್ಕ್ ಕ್ಲೆಟ್ ಮತ್ತು ಸಂಗಡಿಗರು, ಹಿಂದಿನ ಶತಮಾನದ ಭೂಸಮೀಕ್ಷೆಗಳ ಕಾಲದಲ್ಲಿ ಟಿಮೊತಿ ಓ'ಸಲ್ಲಿವನ್, ವಿಲಿಯಂ ಹೆನ್ರಿ ಜಾಕ್ಸನ್ ಮುಂತಾದವರು ನಿಂತಿದ್ದ ತಾಣಗಳನ್ನು ಹುಡುಕಿ, ಅದೇ ಕೋನ, ಅದೇ ಹೊತ್ತಿನ ಬೆಳಕಿನಲ್ಲಿ ಮರುಚಿತ್ರಣ ಮಾಡಿದರು. ಅವರು ಬೆಟ್ಟ ಕಣಿವೆಗಳಲ್ಲಿ ಶ್ರಮಪಟ್ಟು ಸಾಧಿಸಿದ ನಿಲುವಿನ ಸ್ಥಿರತೆ ಗೇಟಿನಲ್ಲಿ ತಾನಾಗಿ ದೊರಕುತ್ತದೆ. ಕಂಬ, ಸರಪಳಿ, ಗೇಟ್‌ಮ್ಯಾನನ ಕೊಠಡಿ, ರಸ್ತೆಯ ಅಗಲ, ಇವೇ ನಿಲ್ಲುವವನ ಪಾದವನ್ನು ಹಿಡಿದಿಡುತ್ತವೆ.

ಇನ್ನು ತಾರೀಖಿಲ್ಲದ ಒಂದು ಚಿತ್ರ ಕೈಗೆ ಬಂತೆನ್ನೋಣ. ಎಲ್ಲಿಂದ ಆರಂಭಿಸಬೇಕು? ಮೊದಲು ಗೇಜ್ ನೋಡಬೇಕು. ಮೀಟರ್ ಗೇಜಿನ ಹಳಿಗಳ ನಡುವಣ ಅಂತರ 1 ಮೀಟರ್. ಅದರ ಮೇಲೆ ಸುಮಾರು 2.7 ಮೀಟರ್ ಅಗಲದ ಬೋಗಿ ಓಡುತ್ತಿತ್ತು. ಬ್ರಾಡ್ ಗೇಜಿನಲ್ಲಿ ಅಂತರ 1.676 ಮೀಟರ್, ಬೋಗಿಯ ಅಗಲ ಸುಮಾರು 3.25 ಮೀಟರ್. ಎದುರಿನಿಂದ ತೆಗೆದ ಚಿತ್ರದಲ್ಲಿ ಅಡಿಪಟ್ಟಿ ಹಿಡಿದು ಅಳೆದರೆ ಬೋಗಿಯ ಅಗಲ ಹಳಿಯ ಅಂತರದ ಎರಡೂಮುಕ್ಕಾಲು ಪಟ್ಟಿನ ಹತ್ತಿರ ಬಂದರೆ ಮೀಟರ್ ಗೇಜ್, ಎರಡು ಪಟ್ಟಿಗೂ ತುಸು ಕಡಿಮೆ ಬಂದರೆ ಬ್ರಾಡ್ ಗೇಜ್. 1992ರಲ್ಲಿ ಆರಂಭವಾದ ಏಕರೂಪ ಗೇಜ್ ಯೋಜನೆಯ ಭಾಗವಾಗಿ ಈ ಮಾರ್ಗ 1990ರ ದಶಕದ ಮಧ್ಯದ ವೇಳೆಗೆ ಬದಲಾಯಿತು. ಹಾಗಾಗಿ ಈ ಒಂದು ಅಳತೆಯೇ ಚಿತ್ರವನ್ನು ಎರಡು ಯುಗಗಳಲ್ಲಿ ಒಂದರೊಳಗೆ ಕೂರಿಸುತ್ತದೆ.

ಆಮೇಲೆ ಎಂಜಿನ್. ಅದರ ಮೇಲೆ ಬರೆದ ಅಕ್ಷರಗಳೇ ಅದರ ಜಾತಕ: ವೈ ಎಂದರೆ ಮೀಟರ್ ಗೇಜ್, ಡಬ್ಲ್ಯು ಎಂದರೆ ಬ್ರಾಡ್, ಡಿ ಡೀಸೆಲ್, ಎ ವಿದ್ಯುತ್, ಪಿ ಪ್ರಯಾಣಿಕರ ಗಾಡಿಗೆ, ಜಿ ಸರಕಿಗೆ, ಎಂ ಎರಡಕ್ಕೂ. ವೈಪಿ ಉಗಿ ಎಂಜಿನ್ ಸ್ವಾತಂತ್ರ್ಯದ ಬೆನ್ನಲ್ಲೇ ಬಂದದ್ದು. ವೈಡಿಎಂ–4 ಡೀಸೆಲ್ 1960ರ ದಶಕದ್ದು. ಇವೆರಡೂ ಬಹುಕಾಲ ಜೊತೆಯಾಗಿ ಓಡಿದ್ದರಿಂದ, ಉಗಿ ಕಂಡ ಮಾತ್ರಕ್ಕೆ ಚಿತ್ರ ತೀರ ಹಳೆಯದೆಂದು ತೀರ್ಮಾನಿಸುವುದು ತಪ್ಪು. ಗೇಜ್ ಬದಲಾದ ಮೇಲೆ ಡಬ್ಲ್ಯುಡಿಎಂ–2, ಈ ಶತಮಾನದಲ್ಲಿ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ–4. ಬೋಗಿಯ ಬಣ್ಣವೂ ನೆರವಿಗೆ ಬರುತ್ತದೆ. ಕೆಂಗಂದು ಬಣ್ಣ 1990ರ ದಶಕದಲ್ಲಿ ನೀಲಿಗೆ ದಾರಿ ಬಿಟ್ಟಿತು. ಆ ಮೇಲೆ ಎಲ್‌ಎಚ್‌ಬಿ ಬೋಗಿಗಳ ಕೆಂಪು, ಈಗ ವಂದೇ ಭಾರತ್. ಪುಣೆ–ಹುಬ್ಬಳ್ಳಿ ವಂದೇ ಭಾರತ್ 2024ರ ಸೆಪ್ಟೆಂಬರಿನಲ್ಲಿ, ಬೆಂಗಳೂರು–ಬೆಳಗಾವಿ ವಂದೇ ಭಾರತ್ 2025ರ ಆಗಸ್ಟಿನಲ್ಲಿ ಶುರುವಾದವು.

ಬೋಗಿಯ ಮೇಲಿನ ವಲಯದ ಹೆಸರೂ ಸಾಕ್ಷಿ ನುಡಿಯುತ್ತದೆ. ಸದರ್ನ್ ಮರಾಠಾ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿತು. 1951ರ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆ ಆಯಿತು. 1966ರ ಅಕ್ಟೋಬರ್ 2ರಂದು ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. 2003ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯೇ ಕೇಂದ್ರವಾಗಿ ನೈಋತ್ಯ ರೈಲ್ವೆ ನಡೆಯತೊಡಗಿತು. ಆದರೆ ಬೋಗಿ ಎಲ್ಲಿಯದೋ ಇರಬಹುದು, ಬಣ್ಣ ಬಳಿಯುವುದೂ ತಡವಾಗಬಹುದು. ಈ ಅಕ್ಷರಗಳು ಚಿತ್ರ ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂಬುದನ್ನು ಖಚಿತಪಡಿಸುತ್ತವೆ, ಅದಕ್ಕಿಂತ ಹೆಚ್ಚಿನ ಭಾರವನ್ನು ಅವುಗಳ ಮೇಲೆ ಹೊರಿಸಬಾರದು. ಹಳಿಗಳ ಎಣಿಕೆ ಇದಕ್ಕಿಂತ ಗಟ್ಟಿ ಆಧಾರ. ಬಹುಕಾಲ ಒಂಟಿಯಾಗಿದ್ದ ಈ ಹಾದಿಯಲ್ಲಿ ಲೋಂಡಾ–ಬೆಳಗಾವಿ–ಘಟಪ್ರಭಾ ಜೋಡಿ ಹಳಿಯನ್ನು 2023ರ ಫೆಬ್ರುವರಿ 27ರಂದು, ನವೀಕೃತ ಬೆಳಗಾವಿ ನಿಲ್ದಾಣದ ಜೊತೆಗೇ, ಲೋಕಾರ್ಪಣೆ ಮಾಡಲಾಯಿತು. ಚಿತ್ರದಲ್ಲಿ ಎರಡು ಹಳಿ, ಮೇಲೆ ವಿದ್ಯುತ್ ತಂತಿ ಕಂಡರೆ ಅದು ಈ ದಶಕದ್ದೇ.

ಬೆಳಗಾವಿಯಲ್ಲಿ ಸೂರ್ಯನೂ ಒಂದು ಸಾಕ್ಷಿ. ಊರು ಇರುವುದು ಸುಮಾರು 15.85 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ವರ್ಷದ ಉಳಿದ ಭಾಗದಲ್ಲಿ ಉತ್ತರಕ್ಕೆ. ಹಳಿಯ ದಿಕ್ಕು ಗೊತ್ತಿರುವುದರಿಂದ ಗೇಟಿನ ಕಂಬದ ನೆರಳು ಋತುವನ್ನು ಹೇಳುತ್ತದೆ, ಹೊತ್ತನ್ನೂ ಹೇಳುತ್ತದೆ. ಹೊತ್ತು ಸಿಕ್ಕಿದರೆ ಹಳೆಯ ವೇಳಾಪಟ್ಟಿಯಲ್ಲಿ ಗಾಡಿ ಯಾವುದೆಂದು ಹುಡುಕಬಹುದು. ಆ ಮೇ–ಆಗಸ್ಟ್ ಅವಧಿಯ ಬಹುಪಾಲನ್ನು ಮಳೆಗಾಲದ ಮೋಡ ನುಂಗಿಬಿಡುತ್ತದೆ ಎಂಬುದನ್ನೂ ನೆನಪಿಡಬೇಕು. ದಕ್ಷಿಣಕ್ಕೆ ಚೂಪಾದ ನೆರಳು ಬಿದ್ದ ಚಿತ್ರ ಹೆಚ್ಚಾಗಿ ಮೇ ತಿಂಗಳದ್ದು, ಶಾಲೆಗೆ ರಜೆಯಿದ್ದ ದಿನಗಳದ್ದು. ಗೇಟಿನ ಸರಳಿಗೆ ಆತುಕೊಂಡ ಮಕ್ಕಳು ಅಂಥ ಚಿತ್ರದಲ್ಲಿದ್ದರೆ ಆಶ್ಚರ್ಯಪಡಬೇಕಿಲ್ಲ.

ಕ್ಯಾಮೆರಾದ ಮಿತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಆಕರವನ್ನು ಬಳಸುವಂತಿಲ್ಲ. ಭಾರತದ ಮಧ್ಯಮ ವರ್ಗದ ಮನೆಗಳಲ್ಲಿ ಹೆಸರಾಗಿದ್ದ ಆಗ್ಫಾ ಕ್ಲಿಕ್–3ರಂಥ ಸರಳ ಕ್ಯಾಮೆರಾಗಳಲ್ಲಿ ಒಂದು ರೀಲಿಗೆ 12 ಚಿತ್ರ, ಷಟರಿಗೆ ಒಂದೇ ನಿಧಾನದ ವೇಗ. ಷಟರ್ ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗ ತೆರೆದಿತ್ತೆಂದು ಹಿಡಿಯೋಣ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಅಷ್ಟರಲ್ಲಿ ಸುಮಾರು 28 ಸೆಂಟಿಮೀಟರ್ ಮುಂದೆ ಸರಿದಿರುತ್ತದೆ. ಪಕ್ಕದಿಂದ ತೆಗೆದರೆ ಎಂಜಿನ್ನಿನ ಸಂಖ್ಯೆ ಕಲಸಿಹೋಗುತ್ತದೆ; ಎದುರಿನಿಂದ ಓರೆಯಾಗಿ ತೆಗೆದರೆ ಅಷ್ಟು ಕಲಸುವುದಿಲ್ಲ. ಇಂಥ ಕ್ಯಾಮೆರಾ ಹಿಡಿದವನಿಗೆ ಉತ್ತಮ ಜಾಗ ನಿಲ್ದಾಣಕ್ಕೆ ಹತ್ತಿರದ ಗೇಟ್. ಅಲ್ಲಿ ಲೋಂಡಾ ಕಡೆಗೆ ಹೊರಟ ಗಾಡಿ ಇನ್ನೂ ವೇಗ ಪಡೆದಿರುವುದಿಲ್ಲ. ಹಾಗೆಂದರೆ ನಿಂತು ಹೊರಟ ಪ್ರಯಾಣಿಕ ಗಾಡಿಗಳು ಹಳೆಯ ಆಲ್ಬಮ್ಮುಗಳಲ್ಲಿ ಹೆಚ್ಚು, ನಿಲ್ಲದೆ ಓಡಿದ ಸರಕು ಗಾಡಿಗಳು ಕಡಿಮೆ ಸಿಗುವುದು ಸಹಜ. ಇದನ್ನು ಸರಕು ಸಾಗಣೆಯೇ ಕಡಿಮೆಯಿತ್ತೆಂದು ಓದಿಬಿಡುವ ಅಪಾಯವಿದೆ. ರಾತ್ರಿಯ ಗಾಡಿಗಳಂತೂ ಈ ದಾಖಲೆಯಿಂದ ಪೂರ್ತಿ ಹೊರಗೆ.

ರಾತ್ರಿಯನ್ನು ಗೆದ್ದವನು ಅಮೆರಿಕದ ಓ. ವಿನ್‌ಸ್ಟನ್ ಲಿಂಕ್. 1955ರಿಂದ 1960ರವರೆಗೆ ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ರೈಲ್ವೆಯ ಕೊನೆಯ ಉಗಿ ಎಂಜಿನ್ನುಗಳನ್ನು ಅವನು ಸಾಲು ಸಾಲು ಫ್ಲ್ಯಾಷ್ ಬಲ್ಬುಗಳ ಬೆಳಕಿನಲ್ಲಿ ಚಿತ್ರಿಸಿದ. ಅವು ಅದ್ಭುತ ಚಿತ್ರಗಳು, ನನಗೆ ಬಹಳ ಪ್ರಿಯವಾದವು ಕೂಡ. ಆದರೆ ಅಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾವ ಕಿಟಕಿಯಲ್ಲಿ ದೀಪ ಇರಬೇಕು ಎಂಬುದನ್ನು ಲಿಂಕ್ ಮೊದಲೇ ಜೋಡಿಸುತ್ತಿದ್ದ. ಗೇಟಿನ ಹವ್ಯಾಸಿ ಏನನ್ನೂ ಜೋಡಿಸುವುದಿಲ್ಲ. ಅವನ ಚೌಕಟ್ಟಿನೊಳಗೆ ಸೈಕಲ್ ಹಿಡಿದು ನಿಂತವರು, ಚಕ್ಕಡಿ, ಟಾಂಗಾ, ಆಮೇಲೆ ಸ್ಕೂಟರುಗಳ ಹಿಂಡು ತಾವಾಗಿ ಬಂದು ಸೇರುತ್ತವೆ. ಹಿಂದಿನ ಗೋಡೆಯಲ್ಲಿ ಅಂಗಡಿಯ ಫಲಕ ಕನ್ನಡದಲ್ಲಿದೆಯೋ ಮರಾಠಿಯಲ್ಲಿದೆಯೋ ಇಂಗ್ಲಿಷಿನಲ್ಲಿದೆಯೋ ಎಂಬುದು ಚಿತ್ರ ತೆಗೆದವನ ಲಕ್ಷ್ಯದಲ್ಲೇ ಇರಲಿಕ್ಕಿಲ್ಲ. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದು, ಆ ಮೇಲೂ ಗಡಿ ವಿವಾದದ ಬಿಸಿಯಲ್ಲೇ ಬದುಕಿದ ಊರಿಗೆ ಇಂಥ ಉದ್ದೇಶವಿಲ್ಲದ ಭಾಷಾ ದಾಖಲೆಯ ಬೆಲೆ ತುಂಬ ದೊಡ್ಡದು. ಯಾವ ಪಕ್ಷದ ಪರವಾಗಿಯೂ ವಾದ ಹೂಡಲು ಅವನು ಗುಂಡಿ ಒತ್ತಿದವನಲ್ಲ.

ಖಾನಾಪುರದ ಮಾತು ಬೇರೆ. ಬೆಳಗಾವಿಯಿಂದ ದೇಸೂರು, ಇದಲಹೊಂಡ ದಾಟಿದರೆ ಖಾನಾಪುರ. ಮುಂದೆ ಗುಂಜಿ, ಲೋಂಡಾ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಊರನ್ನು ಬಳಸಿ ಹರಿಯುತ್ತದೆ. ಹೆಂಚು ಮತ್ತು ಕುಂಬಾರಿಕೆಗೆ ಹೆಸರಾದ ಮಣ್ಣು ಇಲ್ಲಿಯದು. ಇಲ್ಲಿನ ರೈಲು ಚಿತ್ರಗಳ ಹಿನ್ನೆಲೆ ಕಾಡು, ಗದ್ದೆ, ಮಳೆ. ಕಟ್ಟಡಗಳು ವೇಗವಾಗಿ ಬದಲಾಗದ ಕಡೆ ಹಿನ್ನೆಲೆಯಿಂದ ಕಾಲನಿರ್ಣಯ ಕಷ್ಟ, ಆದ್ದರಿಂದ ಎಂಜಿನ್ ಮತ್ತು ಹಳಿಯನ್ನೇ ನಂಬಬೇಕು. ಅದೇ ಗಾಡಿಯನ್ನು ಅದೇ ದಿನ ಬೆಳಗಾವಿಯ ಗೇಟಿನಲ್ಲಿ ಇನ್ನೊಬ್ಬರು ತೆಗೆದಿದ್ದರೆ ಎರಡು ಚಿತ್ರಗಳೂ ಒಂದನ್ನೊಂದು ಬೆಳಗುತ್ತವೆ. ಎಂಜಿನ್ ಸಂಖ್ಯೆ ಮತ್ತು ಬೋಗಿಗಳ ಕ್ರಮ ಕೂಡಿಸಿ ನೋಡಿದರೆ ಇಂಥ ಜೋಡಿಗಳನ್ನು ಪತ್ತೆ ಹಚ್ಚಲು ಸಾಧ್ಯ.

ಈ ಕೆಲಸಕ್ಕೆ ಅವಸರವಿದೆ, ಏಕೆಂದರೆ ನಿಲ್ಲುವ ಜಾಗಗಳೇ ಇಲ್ಲವಾಗುತ್ತಿವೆ. ಕಪಿಲೇಶ್ವರ ದೇವಸ್ಥಾನದ ಬಳಿ ಈಗ ಮೇಲ್ಸೇತುವೆ. ಗೋಗಟೆ ವೃತ್ತದ ಹತ್ತಿರ ಖಾನಾಪುರ ರಸ್ತೆಯ ಬ್ರಿಟಿಷ್ ಕಾಲದ ಸೇತುವೆ ಹೋಗಿ ಹೊಸದು ಬಂದಿದೆ. ಥರ್ಡ್ ಗೇಟಿನಲ್ಲೂ ಸೇತುವೆಯಾಗಿದೆ. ಜೀವ ಉಳಿಸುವ, ಆಂಬುಲೆನ್ಸಿಗೆ ದಾರಿ ಬಿಡುವ ಈ ಸೇತುವೆಗಳು ಬೇಕೇ ಬೇಕು; ಗೇಟ್ ಉಳಿಸಿ ಎಂದು ಯಾವ ಸಂಶೋಧಕನೂ ಕೇಳಬಾರದು. ಆದರೆ ಸೇತುವೆಯ ಮೇಲಿನಿಂದ ಕಾಣುವುದು ಗಾಡಿಯ ಛಾವಣಿ ಮತ್ತು ತಂತಿ. ಕಣ್ಣಿನ ಮಟ್ಟದಲ್ಲಿ ಎಂಜಿನ್, ಅದರ ಆಚೆ ಬದಿಯಲ್ಲಿ ಕಾಯುತ್ತಿರುವ ಜನ, ಇವೆರಡೂ ಒಂದೇ ಚೌಕಟ್ಟಿನಲ್ಲಿ ಬರುವ ಏರ್ಪಾಡು ಅಲ್ಲಿಗೆ ಮುಗಿಯಿತು. ಉಳಿದ ಗೇಟುಗಳಲ್ಲಿ ಹಳೆಯ ಚಿತ್ರಗಳ ನಿಲುವುಗಳನ್ನು ಈಗಲೇ ಗುರುತಿಸಿ, ಅಕ್ಷಾಂಶ ರೇಖಾಂಶ, ಹಳಿಯಿಂದ ದೂರ, ಕ್ಯಾಮೆರಾದ ಎತ್ತರ ಬರೆದಿಡಬೇಕು. ಅದೇ ನಿಲುವಿನಿಂದ ವರ್ಷದ ಬೇರೆ ಬೇರೆ ಋತುಗಳಲ್ಲಿ ಮರುಚಿತ್ರಣ ಮಾಡಬೇಕು. ಊರಿನ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದು ಶೈಕ್ಷಣಿಕ ವರ್ಷದಲ್ಲಿ ಇಷ್ಟನ್ನು ಮಾಡಿ ಮುಗಿಸಬಲ್ಲವು.

ಸಂಗ್ರಹಿಸುವ ಕ್ರಮದ ಬಗ್ಗೆಯೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ಸಂಗ್ರಹಾಲಯದ ಎರಡು ಹಳೆಯ ಮನೆಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟಿದ್ದಾರೆ. ಎರಡೂ ಈ ಜಿಲ್ಲೆಯ ನದಿಗಳು. ಅಂಥ ಸಂಸ್ಥೆಗಳು ಹವ್ಯಾಸಿಗಳಿಂದ ಚಿತ್ರ ಪಡೆಯುವಾಗ ಚೆಂದದ ನಾಲ್ಕನ್ನು ಆರಿಸಿ ಉಳಿದದ್ದನ್ನು ಹಿಂದಿರುಗಿಸಿದರೆ ಸಾಕ್ಷ್ಯದ ಬಹುಪಾಲು ನಾಶವಾಗುತ್ತದೆ. ಒಂದೇ ತರಹದ ನೂರು ಚಿತ್ರಗಳು ಬೇಸರ ತರಿಸಬಹುದು. ಬದಲಾವಣೆಯ ವೇಗ ತಿಳಿಯುವುದು ಮಾತ್ರ ಆ ನೂರರಿಂದಲೇ. ನೆಗೆಟಿವ್ ಪಟ್ಟಿಗಳನ್ನು ಕತ್ತರಿಸಬಾರದು, ಅವುಗಳ ಕ್ರಮ ಕೆಡಿಸಬಾರದು. ರೈಲಿನ ಚಿತ್ರಕ್ಕೆ ತಾರೀಖು ಇಲ್ಲದಿರಬಹುದು. ಅದೇ ಪಟ್ಟಿಯ ಮುಂದಿನ ಚೌಕಟ್ಟಿನಲ್ಲಿ ಕಪಿಲೇಶ್ವರ ಹೊಂಡಕ್ಕೆ ಹೊರಟ ಗಣಪತಿ ಇದ್ದರೆ, ಗಣಪತಿ ಮಂಟಪದ ಫಲಕದಲ್ಲಿ ವರ್ಷ ಬರೆದಿದ್ದರೆ, ಎಂಜಿನ್ನಿನ ತಾರೀಖು ಅಲ್ಲಿಯೇ ಸಿಕ್ಕಿತು.