ಕ್ಲಾಮತ್ ನದಿಯ ಕಾವಲು

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಹುಟ್ಟುವ ಕ್ಲಾಮತ್ ನದಿ ಉತ್ತರ ಕ್ಯಾಲಿಫೋರ್ನಿಯಾದ ಬೆಟ್ಟಸಾಲುಗಳ ನಡುವೆ ಸುಮಾರು 400 ಕಿಲೋಮೀಟರ್ ಹರಿದು ಪೆಸಿಫಿಕ್ ಸಾಗರ ಸೇರುತ್ತದೆ. ಸಮುದ್ರದ ಕಡೆಗೆ ಯುರೋಕ್, ಅದರ ಮೇಲ್ಭಾಗದಲ್ಲಿ ಕರುಕ್, ಉಪನದಿ ಟ್ರಿನಿಟಿಯ ಕಣಿವೆಯಲ್ಲಿ ಹೂಪಾ, ಉಗಮದ ಸರೋವರಗಳ ಸುತ್ತ ಕ್ಲಾಮತ್ ಜನ ಮೊದಲಿನಿಂದಲೂ ನೆಲೆಸಿದ್ದಾರೆ. ಮೊಟ್ಟೆಯಿಡಲು ಕಡಲಿನಿಂದ ಹೊಳೆ ಏರಿ ಬರುವ ಸಾಲ್ಮನ್ ಮೀನೇ ಇವರೆಲ್ಲರ ಬದುಕಿಗೆ ಆಧಾರವಾಗಿತ್ತು.

ಮೀನುಗಾರಿಕೆಗೆ ಕಟ್ಟುನಿಟ್ಟಾದ ಕಟ್ಟಳೆಗಳಿದ್ದವು. ಕೆಪೆಲ್ ಎಂಬ ಊರಿನ ಬಳಿ ಯುರೋಕರು ಬೇಸಿಗೆಯಲ್ಲಿ ಹೊಳೆಗೆ ಅಡ್ಡಲಾಗಿ ಗೂಟ ನೆಟ್ಟು, ತಡಿಕೆ ಕಟ್ಟಿ ಒಡ್ಡು ಹಾಕುತ್ತಿದ್ದರು. ಒಡ್ಡು ಕಟ್ಟಲು 10 ದಿನ, ಮೀನು ಹಿಡಿಯಲು 10 ದಿನ; ಆಮೇಲೆ ಅದನ್ನು ಕಿತ್ತುಹಾಕುತ್ತಿದ್ದರು. ಇದರಿಂದ ಮೇಲ್ದಂಡೆಯ ನೆರೆಯವರಿಗೂ ಪಾಲು ಸಿಗುತ್ತಿತ್ತು, ಮೀನಿನ ಸಂತತಿಯೂ ಉಳಿಯುತ್ತಿತ್ತು.

20ನೇ ಶತಮಾನದ ಅಣೆಕಟ್ಟುಗಳು ಮೀನುಗಳು ಹೊಳೆ ಏರುವ ದಾರಿಯನ್ನು ಮುಚ್ಚಿದವು. ವಿದ್ಯುತ್ತಿಗಾಗಿ 1918ರಲ್ಲಿ ಕೊಪ್ಕೊ 1, 1925ರಲ್ಲಿ ಕೊಪ್ಕೊ 2, 1958ರಲ್ಲಿ ಜೆ.ಸಿ. ಬಾಯ್ಲ್, 1960ರ ದಶಕದ ಆರಂಭದಲ್ಲಿ ಐರನ್ ಗೇಟ್ ಎದ್ದು ನಿಂತವು. ಐರನ್ ಗೇಟ್ ಮತ್ತು ಕೊಪ್ಕೊ ಕಟ್ಟೆಗಳಲ್ಲಿ ಮೀನು ದಾಟುವ ಮೆಟ್ಟಿಲುಗಳೇ ಇರಲಿಲ್ಲ. ಬುಡಕಟ್ಟುಗಳ ಮೀನುಗಾರಿಕೆ ಹಕ್ಕಿಗೂ ಸರ್ಕಾರ ಅಡ್ಡಿಪಡಿಸಿತು. ಯುರೋಕ್ ಮೀನುಗಾರರ ಬಲೆ ಜಪ್ತಿಯಿಂದ ಶುರುವಾದ ಮೊಕದ್ದಮೆಯಲ್ಲಿ, ಅವರ ಮೀಸಲು ಪ್ರದೇಶ ರದ್ದಾಗಿಲ್ಲವೆಂದು ಸುಪ್ರೀಂ ಕೋರ್ಟ್ 1973ರಲ್ಲಿ ತೀರ್ಪಿತ್ತಿತು.

2002ರ ಸೆಪ್ಟೆಂಬರಿನಲ್ಲಿ ಕಡಿಮೆ ಹರಿವಿನ ಬೆಚ್ಚನೆಯ ನೀರಿನಲ್ಲಿ ಕಿವಿರು ರೋಗ ಹಬ್ಬಿ, ನದಿಯ ಕೆಳಭಾಗದಲ್ಲಿ ಕನಿಷ್ಠ 34,000 ಮೀನುಗಳು ಸತ್ತವು. ಈ ದುರಂತದ ಬಳಿಕ ಅಣೆಕಟ್ಟು ತೆರವಿನ ಕೂಗು ಬಲವಾಯಿತು. ಅದಕ್ಕೆ ಪುರಾವೆ ಒದಗಿಸುವಲ್ಲಿ ಬುಡಕಟ್ಟುಗಳ ಸ್ವಂತ ವಿಜ್ಞಾನ ವಿಭಾಗಗಳ ಪಾತ್ರ ದೊಡ್ಡದು. ನೀರಿನಲ್ಲಿ ಇಳಿಬಿಟ್ಟ ಉಪಕರಣಗಳು ಉಷ್ಣತೆ, ಕರಗಿದ ಆಮ್ಲಜನಕ, ಆಮ್ಲೀಯತೆಗಳನ್ನು ಹಗಲಿರುಳು ದಾಖಲಿಸುತ್ತವೆ. ಪ್ರವಾಹದ ರಭಸಕ್ಕೆ ತಿರುಗುವ ಶಂಕುವಿನಾಕಾರದ ಬೋನಿನಲ್ಲಿ ಸಿಕ್ಕ ಮರಿಮೀನುಗಳನ್ನು ಸಿಬ್ಬಂದಿ ಎಣಿಸಿ, ಅಳೆದು, ಮತ್ತೆ ಹೊಳೆಗೆ ಬಿಡುತ್ತಾರೆ. 2005ರಿಂದ ಕರುಕರು ಪಾಲ್ಗೊಂಡ ಪರೀಕ್ಷೆಗಳಲ್ಲಿ ಜಲಾಶಯಗಳ ಪಾಚಿಯಲ್ಲಿ ಮೈಕ್ರೊಸಿಸ್ಟಿನ್ ಎಂಬ ವಿಷ ಪತ್ತೆಯಾಯಿತು.

ಅಣೆಕಟ್ಟುಗಳ ಪರವಾನಗಿ 2006ರಲ್ಲಿ ಮುಗಿಯಿತು. 2010ರಲ್ಲಿ ಒಪ್ಪಂದವಾಗಿ, 2022ರ ನವೆಂಬರಿನಲ್ಲಿ ತೆರವಿಗೆ ಅಂತಿಮ ಅನುಮತಿ ದೊರೆಯಿತು. 2023ರಲ್ಲಿ ಕೊಪ್ಕೊ 2, 2024ರಲ್ಲಿ ಉಳಿದ ಮೂರೂ ನೆಲಸಮವಾದವು. ಬರಿದಾದ ಜಲಾಶಯಗಳ ತಳದಲ್ಲಿ ಯುರೋಕ್ ತಂಡಗಳು ಸ್ಥಳೀಯ ಸಸ್ಯಗಳ ಬೀಜ ಬಿತ್ತಿದವು. 2024ರ ಅಕ್ಟೋಬರಿನಲ್ಲೇ ಸಾಲ್ಮನ್ ಮೀನುಗಳು ಆರೆಗಾನ್‌ವರೆಗೆ ಏರಿಹೋದವು. ಹೂಳು, ಉಷ್ಣತೆ, ಮೀನುಗಳ ಸಂಖ್ಯೆಯ ಮೇಲೆ ಬುಡಕಟ್ಟುಗಳ ನಿಗಾ ಈಗಲೂ ಮುಂದುವರಿದಿದೆ.